ಹೆಸರನ್ನು ಮರೆಮಾಡಿದ ಕವಿ

ಬಾಲವಾಚಕರೇ, ಚರಿತ್ರಪುರುಷರೆಂದೊಡನೆ ಕಿರೀಟ, ಖಡ್ಗ, ಕುದುರೆಗಳೇ ನಿಮ್ಮ ಕಣ್ಮುಂದೆ ನಿಲ್ಲುತ್ತವಲ್ಲವೆ? ಈ ತಿಂಗಳು ನೀವು ಪರಿಚಯ ಮಾಡಿಕೊಳ್ಳತಕ್ಕವರಿಗೆ ಇವಾವುವೂ ಇರಲಿಲ್ಲ. ಅವರು ಉಡುಪಿಯಲ್ಲಿ ಶಾಲೆಯ ಹುಡುಗರಿಗೆ ಕಸರತ್ತು ಕಲಿಸುತ್ತಿದ್ದ ಉಪಾಧ್ಯಾಯರು.

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ಮಾರ್ಗದಲ್ಲಿ ಬೆಳ್ಮಣ್ಣು. ಅದರ ಸಮೀಪವೇ ನಂದಳಿಕೆ. ಅಲ್ಲಿ ಪಾಠಾಳಿ ತಿಮ್ಮಪ್ಪಯ್ಯ, ಮಹಾಲಕ್ಷ್ಮಿ ಎಂಬ ದಂಪತಿಗಳಿಗೆ 1870ರಲ್ಲಿ ಜನಿಸಿದ ಲಕ್ಷ್ಮೀನಾರಣಪ್ಪನವರೇ ನಮ್ಮ ಮುದ್ದಣ ಕವಿ. ಬಡತನದ ದೆಸೆಯಿಂದ ವಿದ್ಯಾಭ್ಯಾಸವು ನಡುವೆಯೇ ನಿಂತಿತು. ಮದರಾಸಿಗೆ ಹೋಗಿ ವ್ಯಾಯಾಮಶಿಕ್ಷಣದಲ್ಲಿ ತರಬೇತು ಹೊಂದಿ ಬಂದು, ಅಲ್ಪ ಸಂಬಳದ ಉದ್ಯೋಗದಲ್ಲಿ ನಿಂತರು. ಹಗಲು ಮೈದಾನದಲ್ಲಿ ದುಡಿಮೆ. ಉಳಿದ ಹೊತ್ತಿನಲ್ಲಿ ಹಳಗನ್ನಡ ಕಾವ್ಯಗಳ ವ್ಯಾಸಂಗ. ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ ಎಂಬ ಯಕ್ಷಗಾನ ಪ್ರಸಂಗಗಳನ್ನೂ ರಚಿಸಿದರು.

ಆಶ್ಚರ್ಯವಿರುವುದು ಮುಂದೆ. ಪ್ರಾಚೀನ ಕಾವ್ಯಗಳನ್ನು ಪ್ರಕಟಿಸುತ್ತಿದ್ದ ‘ಕಾವ್ಯಮಂಜರಿ’, ‘ಕಾವ್ಯಕಲಾನಿಧಿ’ ಎಂಬ ಮೈಸೂರಿನ ಪತ್ರಿಕೆಗಳಿಗೆ ಇವರು ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ರಾಮಾಶ್ವಮೇಧ’ಗಳನ್ನು ಕಳುಹಿಸಿದರು, ಆದರೆ ತಮ್ಮ ಕೃತಿಗಳೆಂದಲ್ಲ, ತಮಗೆ ದೊರೆತ ಹಳೆಯ ಗ್ರಂಥಗಳೆಂದು! ಪಂಡಿತರೂ ಹಾಗೆಯೇ ನಂಬಿ ಓದಿ ತಲೆದೂಗಿದರು. ಓಲೆಗರಿಯಲ್ಲಿದ್ದುದು ಪೂಜ್ಯ, ನೆರೆಮನೆಯವನು ಬರೆದುದು ತುಚ್ಛ ಎಂಬ ಭಾವನೆಯನ್ನು ಪಂಡಿತವರ್ಗದಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ. ಕಸರತ್ತಿನ ಮೇಷ್ಟರ ಕಾವ್ಯವೆಂದರೆ ಯಾರು ಕಿವಿಗೊಟ್ಟಾರೆಂಬ ಶಂಕೆಯೇ ಇದಕ್ಕೆ ಕಾರಣವಾಗಿರಬೇಕೆಂದು ನನ್ನ ಎಣಿಕೆ.

“ಹಾಗಾದರೆ ಇದು ಸುಳ್ಳಲ್ಲವೆ?” ಎಂದು ನಿಮ್ಮಲ್ಲಿ ಜಾಣರು ಕೇಳಬಹುದು. ಸುಳ್ಳೇ ಸರಿ. ಆದರೆ ಪರರ ಕೃತಿಗೆ ತಮ್ಮ ಹೆಸರನ್ನಿಡುವವರು ಲೋಕದಲ್ಲಿ ಬಹುಮಂದಿ ಇದ್ದಾರೆ. ತಮ್ಮ ಕೃತಿಯ ಮೇಲಿಂದ ತಮ್ಮ ಹೆಸರನ್ನೇ ಅಳಿಸಿಕೊಂಡವರು ಎಷ್ಟು ಮಂದಿ? ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿರಿ.

‘ರಾಮಾಶ್ವಮೇಧ’ವು 1899ರಿಂದ ಕಂತುಕಂತಾಗಿ ಅಚ್ಚಾಗುತ್ತಿದ್ದಿತು. ಅತ್ತ ಕವಿಯ ದೇಹವನ್ನು ಕ್ಷಯರೋಗವು ಹಿಡಿದಿತ್ತು. ಅನ್ಯರ ಮೈಕಟ್ಟನ್ನು ಬೆಳೆಸುವುದೇ ಉದ್ಯೋಗವಾಗಿದ್ದವರನ್ನು ಆ ವ್ಯಾಧಿಯು 1901ರ ಫೆಬ್ರವರಿಯಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ ಕೊಂಡೊಯ್ದಿತು. ಕೃತಿಕರ್ತರು ಇವರೇ ಎಂಬುದು ಲೋಕಕ್ಕೆ ವಿದಿತವಾದುದು ಅನಂತರ.

ಗೃಹಸ್ಥರಲ್ಲಿ ಒಂದು ವಿಜ್ಞಾಪನೆ. ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ಬಡತನವನ್ನೂ ರೋಗವನ್ನೂ ಮುಚ್ಚಿ, ಶೈಶವದಲ್ಲೇ ಪವಾಡ ತೋರಿಸಿದ ಬಾಲಕನೆಂದು ಕಟ್ಟಿ ಹೇಳಬೇಡಿರಿ. ಅದರ ಬದಲು ‘ರಾಮಾಶ್ವಮೇಧ’ದ ಮೊದಲ ಭಾಗವನ್ನು ಮೆಲ್ಲನೆ, ಅರ್ಥವನ್ನು ಬಿಡಿಸುತ್ತ ಓದಿರಿ. ಮನೆಗೆ ಬಂದ ಮುದ್ದಣನನ್ನು ಮಡದಿ ಮನೋರಮೆಯು ಉಪಚರಿಸಿ ಕಥೆ ಹೇಳೆನ್ನುತ್ತಾಳೆ. ಪದ್ಯ ಒಲ್ಲೆ, ಗದ್ಯವೇ ಬೇಕೆಂದು ಹಟ ಹಿಡಿಯುತ್ತಾಳೆ. ಅವನು ಸಂಸ್ಕೃತದ ಆಡಂಬರಕ್ಕೆ ತೊಡಗಿದರೆ ತಡೆದು, ತಿಳಿಗನ್ನಡದಲ್ಲಿ ಹೇಳೆಂದು ಗದರಿಸುತ್ತಾಳೆ. (ಸಂಸ್ಕೃತ ಓದಿದ ನಾನೂ ಅಲ್ಲಿ ಆಕೆಯ ಪಕ್ಷವೇ.) ಹೊರಗೆ ಮಳೆಗಾಲ. ನಮ್ಮ ಸೀಮೆಯ ಆಷಾಢವನ್ನು ಬಲ್ಲ ಮಕ್ಕಳಿಗೆ ಆ ಸನ್ನಿವೇಶಕ್ಕೆ ಟೀಕೆ ಬೇಕಾಗದು.