ಸಿಪ್ಪೆಗೊಂದು ನ್ಯಾಯ, ಎಲುಬಿಗೊಂದು ನ್ಯಾಯವೇ?

ಬೆಂಗಳೂರಿನ ಫ್ರೇಜರ್ ಟೌನ್‌ನ ಮಸೀದಿ ರಸ್ತೆಯಲ್ಲಿ ರಮಝಾನ್ ಸಂಜೆಯೆಂದರೆ ಹಲೀಮ್, ಸಮೋಸ, ಕಬಾಬ್‌ಗಳ ಘಮ. ಉಪವಾಸ ತೊರೆಯುವವರಷ್ಟೇ ಅಲ್ಲ, ಎಲ್ಲ ಧರ್ಮದವರೂ ಅಲ್ಲಿ ಸೇರುವುದುಂಟು. 2023ರಲ್ಲಿ ನಿವಾಸಿಗಳ ಆಕ್ಷೇಪದ ಬಳಿಕ ರಸ್ತೆ ಬದಿಯ ಮಳಿಗೆಗಳಿಗೆ ತಡೆ ಬಿತ್ತು.

ಕಸ, ಹೊಗೆ, ವಾಹನಗಳ ಕಾಟ ಸುಳ್ಳಲ್ಲ. ದಾರಿಯಲ್ಲಿನ ಅಡಚಣೆ ಸರಿಸುವುದೂ ವಿಶ್ವಾಸದ ಭಾಗವೆಂದು ಕಲಿತ ನಾವು, ನೆರೆಯವರ ಬಾಗಿಲಿಗೆ ಎಲುಬು ಎಸೆದು ಉಪವಾಸದ ಪುಣ್ಯ ಬಯಸುವುದು ಶೋಭೆಯಲ್ಲ.

ಆದರೆ ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯಲ್ಲೂ ಜನಸಾಗರ, ರಾಶಿ ಸಿಪ್ಪೆ. ಅದಕ್ಕಾಗಿ ಪರಿಷೆ ನಿಲ್ಲಬೇಕೇ? ಖಂಡಿತ ಬೇಡ. 2024ರಲ್ಲಿ ಪ್ಲಾಸ್ಟಿಕ್ ಬಿಟ್ಟು ಕೈಚೀಲ ತನ್ನಿ ಎಂದು ಅಲ್ಲಿ ಜನರಿಗೆ ಕರೆ ಕೊಡಲಾಯಿತು. ಅದೇ ಸರಿಯಾದ ದಾರಿ. ಕಸಕ್ಕೆ ಮದ್ದು ಬುಟ್ಟಿ, ನಿಷೇಧವಲ್ಲ.

ಮಾಂಸದ ಮೇಲಿನ ಅಸಹನೆಗೆ ಕಸದ ನೆಪ ಹೂಡುವುದು ಎಷ್ಟು ತಪ್ಪೋ, ಕಸದ ದೂರನ್ನೆಲ್ಲ ಧರ್ಮದ ಮೇಲಿನ ದಾಳಿಯೆನ್ನುವುದೂ ಅಷ್ಟೇ ತಪ್ಪು. ಮಳಿಗೆಗೊಂದು ಬುಟ್ಟಿ, ಮುಚ್ಚಲೊಂದು ವೇಳೆ, ವಾಹನ ನಿಲ್ಲಿಸಲು ಜಾಗ: ಇಷ್ಟನ್ನು ವ್ಯಾಪಾರಿಗಳೂ ಪಾಲಿಕೆಯೂ ಕೂಡಿ ಮಾಡಲಿ. ದೂರು ಕೊಟ್ಟ ನೆರೆಯವರನ್ನು ಮೊದಲ ಇಫ್ತಾರ್‌ಗೇ ಕರೆಯೋಣ. ಪರಿಷೆಗೆ ನಾವೂ ಮಕ್ಕಳೊಂದಿಗೆ ಹೋಗೋಣ. ಒಬ್ಬರ ಬೀದಿಯಲ್ಲಿ ಇನ್ನೊಬ್ಬರು ಉಣ್ಣದ ಮೇಲೆ ಒಂದೇ ಊರಿನವರು ಎನ್ನುವುದಕ್ಕೆ ಅರ್ಥವೇನು?