ತೇಲುವ ಸಂತೆಯೂ ತುಂಗೆಯ ಮಂಟಪವೂ

ಥೈಲೆಂಡ್ ದೇಶವನ್ನು ಸುತ್ತಿ ಬಂದ ಗೆಳೆಯರೊಬ್ಬರು ಅಲ್ಲಿನ ತೇಲುವ ಸಂತೆಯ ಚಿತ್ರಗಳನ್ನು ತೋರಿಸುತ್ತಿದ್ದರು. ಕಾಲುವೆಯ ತುಂಬ ಕಿರಿದಾದ ಉದ್ದನೆಯ ದೋಣಿಗಳು. ಒಂದರಲ್ಲಿ ಮಾವು, ಮತ್ತೊಂದರಲ್ಲಿ ಎಳನೀರು, ಮಗದೊಂದರಲ್ಲಿ ಹೊತ್ತಿಸಿದ ಒಲೆಯನ್ನೇ ಇಟ್ಟುಕೊಂಡು ಅಡುಗೆ ಮಾಡಿ ಬಡಿಸುತ್ತಿರುವ ಮುದುಕಿ. ನೋಡಿ ಮುಗಿದ ಮೇಲೆ ಅವರು ಕೇಳಿದರು: “ನಮ್ಮ ಗಾಂಧಿ ಬಜಾರಿನಿಂದ ತುಂಗೆಗೆ ಎಷ್ಟು ದೂರ? ಹೂವು ತರಕಾರಿಗಳ ಸಂತೆಯೊಂದನ್ನು ನಾವೂ ನೀರಿನ ಮೇಲೆ ಏಕೆ ನೆರೆಸಬಾರದು?”

ದೂರವೇನೋ ಹೆಚ್ಚಿಲ್ಲ. ಬಜಾರಿನ ಗದ್ದಲವನ್ನು ದಾಟಿ ಕೋಟೆ ರಸ್ತೆಯನ್ನು ಹಿಡಿದರೆ ಆಂಜನೇಯನ ಗುಡಿಯೂ ಶಿವಪ್ಪನಾಯಕನ ಅರಮನೆಯೂ ಎದುರಾಗುವುವು. ಅರಮನೆಯ ಮಗ್ಗುಲಲ್ಲೇ ಹೊಳೆ. ಎರಡು ವರ್ಷಗಳಿಗೊಮ್ಮೆ ನಡೆಯುವ ಜಾತ್ರೆಯಲ್ಲಿ ಮಾರಿಕಾಂಬೆಯು ಗಾಂಧಿ ಬಜಾರಿನ ತವರುಮನೆಯಿಂದ ಕೋಟೆಯ ಗದ್ದುಗೆಗೆ ತೆರಳುವುದೂ ಇದೇ ಕಡೆಗೆ. ಆದರೂ ನನ್ನ ಗೆಳೆಯರ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ. ಏಕೆಂಬುದನ್ನು ವಿದ್ಯಾರ್ಥಿಗಳ ಮುಂದೆ ಇಡುವುದು ಉಚಿತವೆಂದು ತೋರಿತು.

ಸಂತೆ ನೀರಿನ ಮೇಲೆ ತೇಲಬೇಕಾದರೆ ಮೊದಲು ನೀರು ಸುಮ್ಮನಿರಬೇಕು. ಥೈಲೆಂಡಿನ ಮುಖ್ಯ ನದಿಯಾದ ಚಾವೊ ಫ್ರಾಯಾ ಹುಟ್ಟುವ ಸ್ಥಳ ಸಮುದ್ರಮಟ್ಟದಿಂದ ಕೇವಲ 25 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕಡಲಿಗೆ 372 ಕಿಲೋಮೀಟರ್ ದಾರಿ. ಲೆಕ್ಕ ಹಾಕಿದರೆ ಕಿಲೋಮೀಟರಿಗೆ ಏಳು ಸೆಂಟಿಮೀಟರಿನಷ್ಟೂ ಇಳಿಜಾರಿಲ್ಲ! ಮೇಲಾಗಿ ಕಡಲಿನ ಉಬ್ಬರವು ನದೀಮುಖದಿಂದ ಒಳನುಗ್ಗಿ ಹರಿವ ನೀರನ್ನು ತಡೆಯುವುದು. ಇಂಥ ಸಮತಟ್ಟಾದ ಮೆಕ್ಕಲು ನೆಲದಲ್ಲಿ ಕಾಲುವೆ ತೋಡಿದರೆ ಅದು ಹರಿಯುವುದಕ್ಕಿಂತ ಹೆಚ್ಚಾಗಿ ನಿಲ್ಲುವುದು. ಪ್ರವಾಸಿಗಳೆಲ್ಲ ನೋಡಹೋಗುವ ದಮ್ನೋನ್ ಸದುವಾಕ್ ಸಂತೆ ಇರುವುದು ಇಂಥದೊಂದು ಕಾಲುವೆಯಲ್ಲಿಯೇ. ಮೇ ಕ್ಲೋಂಗ್ ಮತ್ತು ತಾ ಚಿನ್ ಎಂಬೆರಡು ನದಿಗಳನ್ನು ಕೂಡಿಸಲು ಮೊಂಗ್‌ಕುಟ್ ದೊರೆಯ ಆಜ್ಞೆಯಂತೆ 1866ರಲ್ಲಿ ಇದರ ಅಗೆತ ಮೊದಲಾಗಿ 1868ರಲ್ಲಿ ಮುಗಿಯಿತು; ಉದ್ದ ಸುಮಾರು 32 ಕಿಲೋಮೀಟರ್. ರಸ್ತೆಗಳಿಲ್ಲದ ಆ ಜೌಗುನೆಲದಲ್ಲಿ ಕಾಲುವೆಯೇ ರಸ್ತೆ, ದೋಣಿಯೇ ಗಾಡಿ. ತೋಟಗಾರನು ತನ್ನ ಹಣ್ಣನ್ನು ದೋಣಿಯಲ್ಲಿ ತಂದು ದೋಣಿಯಲ್ಲಿಯೇ ಮಾರಿದನು. ಅದು ಅಲಂಕಾರವಾಗಿರಲಿಲ್ಲ, ಅನಿವಾರ್ಯವಾಗಿತ್ತು. ಮುಂದೆ ಡಾಂಬರು ರಸ್ತೆಗಳು ಬಂದು ಬ್ಯಾಂಕಾಕಿನ ಎಷ್ಟೋ ಕಾಲುವೆಗಳನ್ನು ಮುಚ್ಚಿದುವು. ಇಂದು ಉಳಿದಿರುವ ತೇಲುವ ಸಂತೆಗಳಲ್ಲಿ ಅನೇಕವು ಮುಖ್ಯವಾಗಿ ಪ್ರವಾಸಿಗಳಿಗಾಗಿಯೇ ನಡೆಯತಕ್ಕವು. ಅವನ್ನು ನೋಡಿ ನಾವೊಂದನ್ನು ಕಟ್ಟಿದರೆ ಅದು ನಕಲಿನ ನಕಲಾದೀತು.

ಈಗ ತುಂಗೆಯನ್ನು ನೋಡಿರಿ. ಗಂಗಾಮೂಲವು ಸುಮಾರು 1200 ಮೀಟರ್ ಎತ್ತರದಲ್ಲಿದೆ. ಶಿವಮೊಗ್ಗೆ ಸುಮಾರು 570 ಮೀಟರ್. ಅಲ್ಲಿಂದ ಕೂಡ್ಲಿಯವರೆಗೆ ನದಿಯ ಉದ್ದ 147 ಕಿಲೋಮೀಟರ್ ಮಾತ್ರ. ಸರಾಸರಿ ಎಂದರೆ ಕಿಲೋಮೀಟರಿಗೆ ನಾಲ್ಕು ಮೀಟರಿಗೂ ಮಿಕ್ಕ ಇಳಿತ, ಚಾವೊ ಫ್ರಾಯಾದ ಅರುವತ್ತು ಪಟ್ಟು. ಈ ಇಳಿತದ ಬಹುಭಾಗ ಮಲೆಯ ಮೇಲ್ಭಾಗದಲ್ಲಿಯೇ ಮುಗಿದು, ನಮ್ಮ ಊರಿಗೆ ಬರುವ ಹೊತ್ತಿಗೆ ನದಿ ತಕ್ಕಮಟ್ಟಿಗೆ ಸಮಾಧಾನಗೊಂಡಿರುವುದು ನಿಜ. ಆದರೆ ಅದರ ಜಲಾನಯನದ ಅಂಚಿನಲ್ಲಿ ಆಗುಂಬೆಯಿದೆ. ಅಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆದುದರಿಂದ ಏಪ್ರಿಲಿನಲ್ಲಿ ಬಂಡೆಗಳ ನಡುವೆ ದಾರಿ ಹುಡುಕುವ ಹೊಳೆಯೇ ಜುಲೈಯಲ್ಲಿ ದಂಡೆ ತಬ್ಬಿ ಓಡುವುದು. ಗಾಜನೂರಿನ ಅಣೆಕಟ್ಟಿನಿಂದ ಆಗ ಹೊರಬೀಳುವ ನೀರನ್ನು ಹತ್ತಾರು ಸಾವಿರ ಕ್ಯೂಸೆಕ್‌ಗಳಲ್ಲಿ ಹೇಳುವರು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರು ಎಂಬುದನ್ನು ನೆನೆದರೆ ಅದರ ಮುಂದೆ ಸೊಪ್ಪಿನ ದೋಣಿಯ ಗತಿಯೇನೆಂದು ವಿವರಿಸಬೇಕಾಗಿಲ್ಲ.

ಇದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ನಗರದ ಕೋರ್ಪಲಯ್ಯ ಛತ್ರದ ಬಳಿ ಹೊಳೆಯಲ್ಲಿ ಕಲ್ಲಿನ ಮಂಟಪವೊಂದಿದೆ. ಮಳೆಗಾಲ ಬಂತೆಂದರೆ ಊರಿಗೆ ಊರೇ ಕೇಳುವ ಪ್ರಶ್ನೆ ಒಂದೇ: “ಮಂಟಪ ಮುಳುಗಿತೆ?” ಮುಳುಗಿದರೆ ತಗ್ಗಿನ ಬಡಾವಣೆಯವರು ಗಂಟುಮೂಟೆ ಕಟ್ಟುವರು. 2019ರ ಆಗಸ್ಟಿನಲ್ಲಿ ನೀರು ಮನೆಗಳಿಗೆ ನುಗ್ಗಿದುದನ್ನು ಕಂಡವರಿಗೆ ಆ ಪ್ರಶ್ನೆಯ ಬೆಲೆ ತಿಳಿದಿದೆ. ಅಳತೆಯ ಗೀಟುಗಳಿಲ್ಲದ ಮಾಪಕವದು. ಓದಲು ಅಕ್ಷರಜ್ಞಾನವೂ ಬೇಡ.

ದೋಣಿಯ ಮಾತಿಗೆ ಬಂದರೆ ನಮಗೂ ನಮ್ಮದೇ ಆದ ದೋಣಿಯುಂಟು, ಅದು ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಯಸ್, ತುಂಗಭದ್ರೆಯ ಮೇಲೆ ಬುಟ್ಟಿಯಂತೆ ದುಂಡಾದ, ತೊಗಲು ಹೊದೆಸಿದ ದೋಣಿಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಹದಿನೈದಿಪ್ಪತ್ತು ಜನರನ್ನು, ಬೇಕಾದರೆ ಕುದುರೆ ಎತ್ತುಗಳನ್ನು ಕೂಡ ಅವು ದಾಟಿಸುತ್ತಿದ್ದುವಂತೆ. ದುಂಡಗಿನ ಅಗಲವಾದ ತಳವು ಭಾರವನ್ನು ಹಂಚಿಕೊಳ್ಳುವುದರಿಂದ ಹರಿಗೋಲು ಗೇಣುದ್ದದ ನೀರಿನಲ್ಲಿಯೂ ತೇಲಬಲ್ಲುದು. ಬಂಡೆಗೆ ತಾಗಿದರೆ ಒಡೆಯದೆ ಬಳುಕಿ ತಿರುಗುವುದು. ಥಾಯಿ ದೋಣಿ ಕಾಲುವೆಯ ಕೂಸು, ಹರಿಗೋಲು ಬಂಡೆಯ ಹೊಳೆಯ ಕೂಸು. ಉತ್ಸವವಾಗಿ ದೇವರನ್ನು ತೇಲಿಸುವುದೂ ನಮ್ಮಲ್ಲುಂಟು. ಆದರೆ ತೀರ್ಥಹಳ್ಳಿಯಲ್ಲಿ ರಾಮೇಶ್ವರನ ತೆಪ್ಪೋತ್ಸವ ನಡೆಯುವುದು ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ, ನೆರೆಯಿಳಿದು ನೀರು ತಿಳಿಯಾಗಿ ಇನ್ನೂ ಬತ್ತದಿರುವ ಹೊತ್ತಿನಲ್ಲಿ. ದಿನ ಗೊತ್ತುಮಾಡಿದವರು ಪಂಚಾಂಗದ ಜೊತೆಗೆ ಹೊಳೆಯನ್ನೂ ನೋಡಿರಬೇಕು.

ಹೀಗೆ ನಮ್ಮಲ್ಲಿ ಸಂತೆ ದಿಣ್ಣೆಯಲ್ಲಿ ನಿಂತಿತು. ನೀರಿನಂಚಿಗೆ ಗುಡಿಗಳು ಮಾತ್ರ ಹೋದುವು. ತುಂಗೆಯೂ ಭದ್ರೆಯೂ ಕೂಡುವ ಕೂಡ್ಲಿಯಲ್ಲಿ ಹೊಯ್ಸಳರ ಕಾಲದ ರಾಮೇಶ್ವರ ದೇವಾಲಯ ಇಂದಿಗೂ ಗಟ್ಟಿಯಾಗಿ ನಿಂತಿದೆ. ಚಾವೊ ಫ್ರಾಯಾದ ದಡದ ವಾಟ್ ಅರುಣ್ ಅದಕ್ಕೆ ದೂರದ ನಂಟ. ಅರುಣ್ ಎಂದರೆ ನಮ್ಮ ಅರುಣನೇ. ಪಿಂಗಾಣಿಯ ಚೂರುಗಳಿಂದ ಹೊಳೆಯುವ ಆ ಶಿಖರವನ್ನು ನೋಡಿ ಯಾರೂ ಕೂಡ್ಲಿಯ ಗುಡಿಗೆ ಪಿಂಗಾಣಿ ಅಂಟಿಸೋಣವೆನ್ನುವುದಿಲ್ಲ. ಸಂತೆಯ ವಿಷಯದಲ್ಲಿ ಮಾತ್ರ ಹಾಗೇಕೆ ತೋರಬೇಕೋ ತಿಳಿಯದು.

ಹಾಗಾದರೆ ಆ ದೇಶದಿಂದ ಕಲಿಯತಕ್ಕದ್ದೇನೂ ಇಲ್ಲವೆ? ಒಂದಿದೆ. ಥಾಯಿ ಭಾಷೆಯಲ್ಲಿ ನದಿಗೆ ‘ಮೇ ನಾಮ್’ ಎನ್ನುವರು. ನೀರಿನ ತಾಯಿ ಎಂದರ್ಥ. ಸಾಮಾನ್ಯವಾಗಿ ನವೆಂಬರಿನ ಹುಣ್ಣಿಮೆಯಂದು ಬಾಳೆಯ ದಿಂಡಿನ ಪುಟ್ಟ ತೆಪ್ಪಗಳಲ್ಲಿ ದೀಪವಿಟ್ಟು ತೇಲಿಬಿಟ್ಟು, ಗಂಗಾಮಾತೆಯಲ್ಲಿ ಕ್ಷಮೆ ಬೇಡುವರು. ಮರುದಿನ ಬೆಳಿಗ್ಗೆ ಬ್ಯಾಂಕಾಕಿನ ನಗರಾಡಳಿತವು ಆ ತೆಪ್ಪಗಳನ್ನೆಲ್ಲ ಹೆಕ್ಕಿಸಿ, ದಿಂಡಿನವೆಷ್ಟು ಥರ್ಮೋಕೋಲಿನವೆಷ್ಟು ಎಂದು ಬೇರೆ ಬೇರೆ ಎಣಿಸಿ ಪ್ರಕಟಿಸುವುದು. 2023ರಲ್ಲಿ ಸಿಕ್ಕಿದ್ದು ಆರು ಲಕ್ಷಕ್ಕೂ ಮಿಗಿಲು. ಕ್ಷಮೆ ಬೇಡಿ ಕಸ ಹಾಕುವುದನ್ನು ನಾನು ಹೊಗಳುತ್ತಿಲ್ಲ, ಎಣಿಸುವುದನ್ನು ಹೊಗಳುತ್ತಿದ್ದೇನೆ.

‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಮಾತನ್ನು ಕೇಳದ ಕನ್ನಡಿಗರು ವಿರಳ. ವಿಚಿತ್ರವೆಂದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ನದೀ ವರ್ಗೀಕರಣವೂ ಪಾನ ಸ್ನಾನಗಳ ಭೇದದಿಂದಲೇ ಮೊದಲಾಗುವುದು. ರೋಗಾಣುಗಳನ್ನು ಕೊಂದರೆ ಸಾಕು, ಕುಡಿಯಬಹುದು ಎನ್ನುವಂಥ ನೀರು ‘ಎ’ ವರ್ಗ. ಸ್ನಾನಕ್ಕೆ ಯೋಗ್ಯವಾದುದು ‘ಬಿ’ ವರ್ಗ. ಭೇದವನ್ನು ಗೊತ್ತುಮಾಡುವ ಅಳತೆಗಳಲ್ಲಿ ಒಂದು, ನೀರಿನೊಳಗಿನ ಕೊಳೆಯನ್ನು ಜೀರ್ಣಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಮೊತ್ತ. ಲೀಟರಿಗೆ 2 ಮಿಲಿಗ್ರಾಂ ಮೀರದಿದ್ದರೆ ಪಾನ, 3 ಮೀರದಿದ್ದರೆ ಸ್ನಾನ. 25 ಡಿಗ್ರಿ ಉಷ್ಣತೆಯಲ್ಲಿ ಲೀಟರು ನೀರು ಹಿಡಿದಿಡಬಲ್ಲ ಆಮ್ಲಜನಕವೇ ಸುಮಾರು 8 ಮಿಲಿಗ್ರಾಂ. ಚರಂಡಿಯ ಕೊಳೆ ಅದನ್ನು ತಿಂದುಹಾಕಿದರೆ ಮೀನಿಗೆ ಉಸಿರಿಲ್ಲ. ಮಂಡಳಿ 2018ರಲ್ಲಿ ಪ್ರಕಟಿಸಿದ ಕಲುಷಿತ ನದೀಭಾಗಗಳ ಪಟ್ಟಿಯಲ್ಲಿ ಕರ್ನಾಟಕದ 17 ನದಿಗಳಿದ್ದುವು. ಅವುಗಳಲ್ಲಿ ಭದ್ರೆಯೂ ಇದ್ದಳು, ತುಂಗೆಯೂ ಇದ್ದಳು. ಆ ಪಟ್ಟಿಗೆ ಸೇರಲು 3 ಮಿಲಿಗ್ರಾಂ ದಾಟಿರಬೇಕು. ಎಂದರೆ ಪಾನದ ಮಾತಿರಲಿ, ಸ್ನಾನದ ಮೇರೆಯೂ ಅಲ್ಲಿ ಮೀರಿತ್ತು.

ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ತುಂಗೆಯ ದಂಡೆಗೆ ಅಂದವಾದ ಕಾಲುದಾರಿ ಬಂದಿದೆ, ಒಳ್ಳೆಯದೇ. ಆದರೆ ದಂಡೆಯ ಮೇಲಿನ ದೀಪಗಳು ನೀರಿನೊಳಗಿನದನ್ನು ತೋರಿಸಲಾರವು. ಅಡಿಕೆಯ ಧಾರಣೆಯನ್ನು ನಾವು ದಿನವೂ ಓದುತ್ತೇವೆ: ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು. ಜಲಾಶಯಗಳ ಮಟ್ಟವನ್ನೂ ಓದುತ್ತೇವೆ. ಅವುಗಳ ಪಕ್ಕದಲ್ಲಿ ತುಂಗೆಯ ನೀರಿನ ಗುಣದ ಅಂಕಿಯೊಂದು ಏಕೆ ಇರಬಾರದು? ಊರಿನ ಮೇಲ್ಗಡೆಯದೊಂದು, ಕೆಳಗೆ ಕೂಡ್ಲಿಯದೊಂದು. ಎರಡರ ವ್ಯತ್ಯಾಸವೇ ನಾವು ಹೊಳೆಗೆ ಸೇರಿಸಿದ್ದು. ರಸಾಯನಶಾಸ್ತ್ರ ಕಲಿಸುವ ಯಾವ ಕಾಲೇಜಿನ ಪ್ರಯೋಗಾಲಯಕ್ಕೂ ಈ ಪರೀಕ್ಷೆ ಹೊರೆಯಲ್ಲ. ಮಂಟಪ ಮುಳುಗಿತೇ ಎಂಬುದನ್ನು ಸೇತುವೆಯ ಮೇಲೆ ನಿಂತು ಕ್ಷಣದಲ್ಲಿ ಹೇಳಬಹುದು. ಇದಕ್ಕೆ ಬಾಟಲಿಯನ್ನು 20 ಡಿಗ್ರಿ ಉಷ್ಣತೆಯಲ್ಲಿ ಕತ್ತಲೆಯಲ್ಲಿಟ್ಟು ಐದು ದಿನ ಕಾಯಬೇಕು, ಅಷ್ಟೆ.