ಕುಸ್ತಿಪಟುವಿನ ಮೈಗೆ ಯಾರು ಹೊಣೆ?

ಕಳೆದ ತಿಂಗಳು ಒಂದು ಸಂಜೆ ಕಾಟನ್‌ಪೇಟೆಯ ನನ್ನ ಕ್ಲಿನಿಕ್‌ಗೆ ಹದಿನೇಳು ವರ್ಷದ ಹುಡುಗನೊಬ್ಬ ತಂದೆಯೊಡನೆ ಬಂದ. ಜ್ವರವಿಲ್ಲ, ಕೆಮ್ಮಿಲ್ಲ. ತಂದೆಯ ಕೈಯಲ್ಲಿ ಒಂದು ಅಚ್ಚಾದ ಹಾಳೆ. ‘ಡಾಕ್ಟ್ರೇ, ನಾಳೆ ಇವನ ಕುಸ್ತಿ ಇದೆ. ಫಿಟ್‌ನೆಸ್ ಸರ್ಟಿಫಿಕೇಟ್‌ಗೆ ಒಂದು ಸೈನ್ ಹಾಕಿ ಸೀಲ್ ಒತ್ತಿಬಿಡಿ, ಹೊರಡ್ತೀವಿ’ ಎಂದರು.

ಹುಡುಗನನ್ನು ಕೂರಿಸಿ ನೋಡಿದೆ. ತುಟಿ ಒಣಗಿ ಬಿರಿದಿತ್ತು. ನಾಡಿ ನಿಮಿಷಕ್ಕೆ 118. ಎದ್ದು ನಿಂತರೆ ತಲೆ ಸುತ್ತು. ಮೆಲ್ಲಗೆ ವಿಚಾರಿಸಿದಾಗ ವಿಷಯ ಹೊರಬಿತ್ತು. ಎರಡು ದಿನದಿಂದ ಅರ್ಧ ಊಟ, ಹಿಂದಿನ ದಿನ ಮಧ್ಯಾಹ್ನದಿಂದ ಹನಿ ನೀರಿಲ್ಲ, ಬೆಳಿಗ್ಗೆ ಮಳೆಕೋಟು ತೊಟ್ಟು ಓಟ. ಸಾಲದ್ದಕ್ಕೆ ಯಾರೋ ಕೊಟ್ಟ ‘ಮೂತ್ರ ಹೋಗುವ ಮಾತ್ರೆ’ ಬೇರೆ. ಮೂರು ಕಿಲೋ ಇಳಿದರೆ ಕೆಳಗಿನ ತೂಕದ ವಿಭಾಗದಲ್ಲಿ ಸೆಣಸಬಹುದು, ಗೆಲ್ಲುವುದು ಸುಲಭ ಎಂಬ ಲೆಕ್ಕ.

ಸಹಿ ಹಾಕುವುದಿಲ್ಲ ಎಂದೆ. ತಂದೆ ಕೋಪಿಸಿಕೊಳ್ಳಲಿಲ್ಲ. ‘ಬೇರೆ ಕಡೆ ನೂರು ರೂಪಾಯಿ ಕೊಟ್ರೆ ಹುಡುಗನ್ನ ನೋಡ್ದೇನೇ ಬರ್ಕೊಡ್ತಾರೆ ಸಾರ್’ ಎಂದಷ್ಟೇ ಹೇಳಿದರು. ಆ ಮಾತು ನನಗೆ ನಾಟಿತು. ಏಕೆಂದರೆ ಒಂದು ಕಾಲದಲ್ಲಿ ಹಾಗೆ ಬರೆದುಕೊಟ್ಟವರಲ್ಲಿ ನಾನೂ ಒಬ್ಬ.

ನಾನು ಮಾಡಿದ ತಪ್ಪು

ಸುಮಾರು ಹದಿನೈದು ವರ್ಷಗಳ ಹಿಂದೆ ಊರ ಹೊರಗಿನ ಒಂದು ಜಾತ್ರೆಯ ಕುಸ್ತಿಗೆ ಪರಿಚಯದವರು ನನ್ನನ್ನು ವೈದ್ಯನೆಂದು ಕರೆದೊಯ್ದರು. ಮೊದಲ ಜೋಡಿ ಮಟ್ಟಿಗೆ ಇಳಿಯುವ ಮುನ್ನ ಇಪ್ಪತ್ತಕ್ಕೂ ಹೆಚ್ಚು ಹಾಳೆಗಳನ್ನು ನನ್ನ ಮುಂದಿಟ್ಟರು. ಚಹಾ ಕುಡಿಯುತ್ತಾ ಎಲ್ಲಕ್ಕೂ ಸಹಿ ಹಾಕಿದೆ. ಒಬ್ಬನ ಎದೆಯ ಮೇಲೂ ಸ್ಟೆತಾಸ್ಕೋಪ್ ಇಡಲಿಲ್ಲ. ಸಂಜೆ ಒಬ್ಬ ಹುಡುಗ ಪಟ್ಟು ತಪ್ಪಿ ತಲೆ ಕೆಳಗಾಗಿ ಬಿದ್ದ. ಎದ್ದವನು ನಾಲ್ಕು ಹೆಜ್ಜೆ ನಡೆದು ವಾಂತಿ ಮಾಡಿಕೊಂಡ. ಅವನ ಗೆಳೆಯ ಆಗ ಬಾಯಿಬಿಟ್ಟ: ‘ಹೋದ ವಾರಾನೂ ಬಿದ್ದಿದ್ದ ಸಾರ್, ತಲೆನೋವು ಅಂತಾನೇ ಇದ್ದ.’

ಅಲ್ಲಿ ಆಂಬುಲೆನ್ಸ್ ಇರಲಿಲ್ಲ. ಯಾರದೋ ಟೆಂಪೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಂದೆವು. ಮಿದುಳಿನ ಹೊದಿಕೆಯ ಕೆಳಗೆ ತೆಳುವಾಗಿ ರಕ್ತ ಕಟ್ಟಿತ್ತು. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ, ಹುಡುಗ ಉಳಿದ. ಆದರೆ ಅವನ ತಾಯಿ ಪ್ರಶ್ನೆ ಕೇಳಿದಾಗ ಪಂದ್ಯ ಏರ್ಪಡಿಸಿದವರು ತೋರಿಸಿದ್ದು ನನ್ನ ಸಹಿಯನ್ನು. ‘ಡಾಕ್ಟ್ರೇ ಫಿಟ್ ಅಂತ ಬರೆದಿದ್ದಾರಲ್ಲಮ್ಮ’ ಎಂದರು. ಆ ಹಾಳೆ ಇದ್ದದ್ದು ಹುಡುಗನ ರಕ್ಷಣೆಗಲ್ಲ, ಅವರ ರಕ್ಷಣೆಗೆ ಎಂದು ನನಗೆ ಅಂದು ತಿಳಿಯಿತು.

ನೋಡದೆ ಬರೆದುಕೊಡುವುದು ಬರೀ ಸೋಮಾರಿತನವಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ಸುಳ್ಳು ಅಥವಾ ದಾರಿ ತಪ್ಪಿಸುವ ಪ್ರಮಾಣಪತ್ರ ಕೊಡುವುದು ದುರ್ನಡತೆ. ವೈದ್ಯನ ಹೆಸರನ್ನು ನೋಂದಣಿ ಪಟ್ಟಿಯಿಂದಲೇ ತೆಗೆಯಬಹುದು. ಓದುಗರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಈ ಮಾತನ್ನು ವೈದ್ಯನೇ ಹೇಳಬೇಕು ಎಂದು ಬರೆಯುತ್ತಿದ್ದೇನೆ.

ಟಿವಿಯ ಕುಸ್ತಿಯ ಹಿಂದೆ

ಇಂದು ಅಪ್ಪಂದಿರಾಗಿರುವ ಅನೇಕರು ಶಾಲೆಯಲ್ಲಿ ಡಬ್ಲ್ಯುಡಬ್ಲ್ಯುಎಫ್ ಕಾರ್ಡು ಆಡಿದವರೇ. ಆ ಕುಸ್ತಿಯ ಸೋಲು ಗೆಲುವು ಮೊದಲೇ ನಿರ್ಧಾರವಾಗಿರುತ್ತದೆ ಎಂಬುದು ಈಗ ಗುಟ್ಟಲ್ಲ. ಆದರೆ ಬೀಳುವುದು ಸುಳ್ಳಲ್ಲ. ಬೆನ್ನುಮೂಳೆಗೆ ನಾಟಕ ಗೊತ್ತಿಲ್ಲ.

ಅಲ್ಲಿನ ಕೆಟ್ಟ ಅಧ್ಯಾಯಗಳಲ್ಲಿ ವೈದ್ಯರೂ ಇದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕುಸ್ತಿ ಕಣದ ಪಕ್ಕ ಕೂರಲು ಸರ್ಕಾರಿ ಆಯೋಗ ನೇಮಿಸಿದ್ದ ಡಾ. ಜಾರ್ಜ್ ಜಹೋರಿಯನ್, ಕುಸ್ತಿಪಟುಗಳಿಗೆ ಅನಬಾಲಿಕ್ ಸ್ಟೀರಾಯ್ಡ್ ಮಾರಿದ ಅಪರಾಧಕ್ಕೆ 1991ರಲ್ಲಿ ಶಿಕ್ಷೆಗೊಳಗಾದರು. ಕಾಯಬೇಕಾದವನೇ ಮಾರಾಟಗಾರನಾಗಿದ್ದ. 2007ರಲ್ಲಿ ಕುಸ್ತಿಪಟು ಕ್ರಿಸ್ ಬೆನ್ವಾ ಹೆಂಡತಿ ಮತ್ತು ಏಳು ವರ್ಷದ ಮಗನನ್ನು ಕೊಂದು ತಾನೂ ಸತ್ತ ಮೇಲೆ, ಅವನ ವೈದ್ಯ ಡಾ. ಫಿಲ್ ಆಸ್ಟಿನ್ ಬರೆದುಕೊಡುತ್ತಿದ್ದ ಔಷಧಿ ಚೀಟಿಗಳ ತನಿಖೆಯಾಯಿತು. ಅಕ್ರಮವಾಗಿ ಔಷಧಿ ಬರೆದುಕೊಟ್ಟದ್ದಕ್ಕೆ 2009ರಲ್ಲಿ ಹತ್ತು ವರ್ಷ ಜೈಲಾಯಿತು.

1999ರ ಮೇ ತಿಂಗಳಲ್ಲಿ ಓವೆನ್ ಹಾರ್ಟ್ ಎಂಬ ಕುಸ್ತಿಪಟುವನ್ನು ಕ್ರೀಡಾಂಗಣದ ಮೇಲ್ಛಾವಣಿಯಿಂದ ಹಗ್ಗದಲ್ಲಿ ಇಳಿಸುವಾಗ ಕೊಕ್ಕೆ ಬಿಟ್ಟು ಬಿದ್ದು ಸತ್ತ. ಪ್ರದರ್ಶನ ಮಾತ್ರ ನಿಲ್ಲಲಿಲ್ಲ, ಅಂದೇ ಮುಂದುವರಿಯಿತು. ಇಷ್ಟಾಗಿಯೂ ಅಲ್ಲಿನ ಕುಸ್ತಿಪಟುಗಳು ಕಾಗದದ ಮೇಲೆ ನೌಕರರಲ್ಲ, ‘ಸ್ವತಂತ್ರ ಗುತ್ತಿಗೆದಾರರು’. ಲಾಭ ಕಂಪನಿಯದು, ಮುರಿದ ಮೂಳೆ ಕುಸ್ತಿಪಟುವಿನದು.

ನಮಗೆಲ್ಲ ಪರಿಚಿತನಾದ ‘ಗ್ರೇಟ್ ಖಲಿ’ ತರಬೇತಿ ಪಡೆದ ಕ್ಯಾಲಿಫೋರ್ನಿಯಾದ ಶಾಲೆಯಲ್ಲಿ 2001ರಲ್ಲಿ 27 ವರ್ಷದ ಒಬ್ಬ ಶಿಷ್ಯ ಸತ್ತ. ಅವನ ತಲೆಗೆ ಮೊದಲೇ ಪೆಟ್ಟಾಗಿತ್ತು. ಹಾಗಿದ್ದೂ ಖಲಿಯೊಡನೆ ಅಭ್ಯಾಸಕ್ಕೆ ಇಳಿಸಿದರು. ನ್ಯಾಯಾಲಯದ ಜ್ಯೂರಿ ಹೊಣೆ ಹೊರಿಸಿದ್ದು ತರಬೇತಿ ಶಾಲೆಯ ಮೇಲೆ. ಹತ್ತು ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಕೊಡಿಸಿತು. ತಲೆಗೆ ಒಂದು ಪೆಟ್ಟು ಬಿದ್ದು ಅದು ವಾಸಿಯಾಗುವ ಮುನ್ನ ಇನ್ನೊಂದು ಬಿದ್ದರೆ ಮಿದುಳು ಏಕಾಏಕಿ ಊದಿಕೊಳ್ಳಬಹುದು. ಜಾತ್ರೆಯ ಆ ಹುಡುಗನಿಗೆ ನಾನು ತಂದಿಟ್ಟಿದ್ದ ಅಪಾಯ ಇದೇ.

ಇದು ದೂರದ ಕಥೆಯಲ್ಲ

2022ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಮೈಸೂರಿನ 23 ವರ್ಷದ ಯುವಕ ಪೆಟ್ಟು ತಿಂದು ಬಿದ್ದ, ಎಚ್ಚರಗೊಳ್ಳದೆ ತೀರಿಕೊಂಡ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂದು ಮನೆಯವರು ದೂರಿದರು. ಸಂಘಟಕರ ಮೇಲೆ ನಿರ್ಲಕ್ಷ್ಯದ ಪ್ರಕರಣ ದಾಖಲಾಯಿತು. ಆಟ ಬೇರೆ, ಪ್ರಶ್ನೆ ಒಂದೇ: ಟಿಕೆಟ್ಟಿಗೂ ಶಾಮಿಯಾನಕ್ಕೂ ದುಡ್ಡಿದ್ದ ಕಡೆ ಒಂದು ಸ್ಟ್ರೆಚರಿಗೆ ಇರುವುದಿಲ್ಲವೇ?

ಇನ್ನು ತೂಕ ಇಳಿಸುವ ವಿಷಯ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಸುಮಾರು ಒಂದು ತಿಂಗಳ ಅವಧಿಯಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಬೆವರು ಹರಿಸಿ ತೂಕ ಇಳಿಸುವಾಗಲೇ ಸತ್ತರು. ಆಮೇಲೆ ಅಲ್ಲಿ ಬಿಸಿಕೋಣೆ, ರಬ್ಬರ್ ಅಂಗಿ, ಮೂತ್ರದ ಮಾತ್ರೆ ಎಲ್ಲವನ್ನೂ ನಿಷೇಧಿಸಿದರು. ಕಾರಣ ಸರಳ. ಎರಡು ದಿನದಲ್ಲಿ ಇಳಿಯುವ ಮೂರು ಕಿಲೋದಲ್ಲಿ ಕೊಬ್ಬು ಕಡಿಮೆ, ನೀರೇ ಹೆಚ್ಚು. ನೀರು ಕಡಿಮೆಯಾದಾಗ ರಕ್ತ ಗಟ್ಟಿಯಾಗುತ್ತದೆ, ಮೂತ್ರಪಿಂಡ ಬಳಲುತ್ತದೆ, ಪೊಟ್ಯಾಷಿಯಂ ಏರುಪೇರಾಗಿ ಹೃದಯದ ಬಡಿತ ತಾಳ ತಪ್ಪುತ್ತದೆ.

2024ರ ಆಗಸ್ಟ್ 7ರಂದು ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚು ತೂಗಿ ಫೈನಲ್ ಕಳೆದುಕೊಂಡಾಗ ದೇಶವೇ ಪದಕಕ್ಕೆ ಅತ್ತಿತು. ರಾತ್ರಿಯಿಡೀ ಬೆವರು ಹರಿಸಿ, ಕೂದಲು ಕತ್ತರಿಸಿಯೂ ಆ 100 ಗ್ರಾಂ ಇಳಿಯಲಿಲ್ಲ. ಆಕೆಯನ್ನು ನಿರ್ಜಲೀಕರಣಕ್ಕೆ ಚಿಕಿತ್ಸೆಗೆ ಸೇರಿಸಬೇಕಾಯಿತು ಎಂಬುದು ನನ್ನ ಮಟ್ಟಿಗೆ ಪದಕಕ್ಕಿಂತ ದೊಡ್ಡ ಸುದ್ದಿ. ತೂಕದ ಹೊಣೆ ಆಟಗಾರರದು ಮತ್ತು ಅವರ ತರಬೇತುದಾರರದು, ತಮ್ಮ ವೈದ್ಯಕೀಯ ತಂಡದ್ದಲ್ಲ ಎಂದು ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ ಪಿ.ಟಿ. ಉಷಾ ಆಗ ಹೇಳಿದರು. ನಿಯಮದ ಪ್ರಕಾರ ಸರಿ ಇರಬಹುದು. ಆದರೆ ಗೆದ್ದಾಗ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವವರೆಲ್ಲ ಸೋತಾಗ ಒಬ್ಬೊಬ್ಬರಾಗಿ ಸರಿಯುವುದು ಎಷ್ಟು ಸರಿ?

ಮೈ ಮುಟ್ಟುವ ಹಕ್ಕು

ಇದೇ ವಿನೇಶ್, ಸಾಕ್ಷಿ ಮಲಿಕ್, ಬಜರಂಗ್ ಪುನಿಯಾ 2023ರ ಜನವರಿಯಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತದ್ದು ನಿಮಗೆ ನೆನಪಿರಬೇಕು. ಕುಸ್ತಿ ಫೆಡರೇಷನ್ನಿನ ಅಂದಿನ ಅಧ್ಯಕ್ಷ ಬ್ರಿಜ್ ಭೂಷಣ್ ಶರಣ್ ಸಿಂಗ್ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, ಏಪ್ರಿಲ್ ಕೊನೆಯಲ್ಲಿ ಪೊಲೀಸರು ಪ್ರಕರಣ ದಾಖಲಿಸಿದರು. 2024ರ ಮೇನಲ್ಲಿ ನ್ಯಾಯಾಲಯ ಆರೋಪ ನಿಗದಿ ಮಾಡಿತು. ಅಪ್ರಾಪ್ತ ವಯಸ್ಕಳ ದೂರಿಗೆ ಸಂಬಂಧಿಸಿದ ಇನ್ನೊಂದು ಪ್ರಕರಣವನ್ನು 2025ರ ಮೇನಲ್ಲಿ ಮುಕ್ತಾಯಗೊಳಿಸಿತು. ಅವರು ಆರೋಪಗಳನ್ನು ಅಲ್ಲಗಳೆದಿದ್ದಾರೆ. ತೀರ್ಪು ಹೇಳುವುದು ನನ್ನ ಕೆಲಸವಲ್ಲ.

ಆದರೆ ವೈದ್ಯನಾಗಿ ಒಂದು ಮಾತು ಹೇಳಬಲ್ಲೆ. ಕುಸ್ತಿಯಲ್ಲಿ ಪಟ್ಟು ಕಲಿಸುವವರು, ಮಾಲೀಸು ಮಾಡುವವರು, ತೂಕ ನೋಡುವವರು, ವೈದ್ಯರು ಎಲ್ಲರೂ ಮಕ್ಕಳ ಮೈ ಮುಟ್ಟುತ್ತಾರೆ. ಆದ್ದರಿಂದಲೇ ಅಲ್ಲಿ ನಿಯಮ ಹೆಚ್ಚು ಬಿಗಿಯಾಗಿರಬೇಕು. ನಾವು ಹೆಣ್ಣುಮಕ್ಕಳನ್ನು ಪರೀಕ್ಷಿಸುವಾಗ ಏಕೆ ಎಂದು ಹೇಳಿ, ಒಪ್ಪಿಗೆ ಕೇಳಿ, ಮನೆಯವರನ್ನೋ ನರ್ಸನ್ನೋ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತೇವೆ. ಕಾರಣ ಹೇಳಲಾಗದ ಸ್ಪರ್ಶ ಚಿಕಿತ್ಸೆಯೂ ಅಲ್ಲ, ತರಬೇತಿಯೂ ಅಲ್ಲ. 2013ರ ಕಾಯ್ದೆ ಕ್ರೀಡಾ ಸಂಸ್ಥೆ, ಕ್ರೀಡಾಂಗಣಗಳನ್ನೂ ‘ಕೆಲಸದ ಸ್ಥಳ’ ಎಂದೇ ಕರೆಯುತ್ತದೆ. ಅಲ್ಲಿ ದೂರು ಕೇಳುವ ಆಂತರಿಕ ಸಮಿತಿ ಇರಬೇಕು. ಮಗು ಹದಿನೆಂಟರೊಳಗಿನದಾದರೆ ಪೋಕ್ಸೋ ಕಾಯ್ದೆಯಡಿ ವಿಷಯ ತಿಳಿದ ಯಾರೇ ಆದರೂ, ವೈದ್ಯರೂ ಸೇರಿ, ಪೊಲೀಸರಿಗೆ ತಿಳಿಸಲೇಬೇಕು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯೂ ಸುರಕ್ಷಿತ ಕ್ರೀಡೆಯ ಮಾತಾಡುತ್ತದೆ. ಕಾಯ್ದೆ ದೆಹಲಿಯಿಂದ ಗರಡಿಯ ಬಾಗಿಲಿಗೆ ಬರಬೇಕಾದರೆ ಮನೆಯವರು ಕೇಳಬೇಕು.

ಮನೆಯವರು ಕೇಳಬೇಕಾದ್ದು

ನಾನು ಕುಸ್ತಿಯ ವಿರೋಧಿಯಲ್ಲ. ನಮ್ಮ ಹಳೇ ಪೇಟೆಯ ಗರಡಿಗಳಲ್ಲಿ ದಂಡ, ಬಸ್ಕಿ ಹೊಡೆದು, ಶಿಸ್ತು ಕಲಿತು, ಕರಗಕ್ಕೆ ವೀರಕುಮಾರರಾದವರನ್ನು ಕಂಡಿದ್ದೇನೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಯ ತಲೆಯಿಂದ ರಕ್ತ ಕಂಡೊಡನೆ ನಿಲ್ಲಿಸುತ್ತಾರೆ. ಯಾವಾಗ ನಿಲ್ಲಿಸಬೇಕೆಂಬ ಅರಿವು ನಮ್ಮ ಹಿರಿಯರಿಗಿತ್ತು. ತಲೆಬುರುಡೆಯ ಒಳಗಿನ ರಕ್ತ ಮಾತ್ರ ಹೊರಗೆ ಕಾಣುವುದಿಲ್ಲ. ಅದಕ್ಕೆ ನಾವು ಲಕ್ಷಣ ನೋಡಬೇಕು.

ತಲೆಗೆ ಪೆಟ್ಟು ಬಿದ್ದ ಮೇಲೆ ತಲೆನೋವು, ವಾಂತಿ, ಮಂಕು, ಕೇಳಿದ್ದನ್ನೇ ಕೇಳುವುದು ಇವುಗಳಲ್ಲಿ ಒಂದು ಕಂಡರೂ ಆ ದಿನ ಮತ್ತೆ ಕಣಕ್ಕಿಳಿಸಬೇಡಿ. ವೈದ್ಯರು ನೋಡಿ ಒಪ್ಪುವ ತನಕ ಅಭ್ಯಾಸವೂ ಬೇಡ. ವಾಂತಿ ನಿಲ್ಲದಿದ್ದರೆ, ನಿದ್ದೆಯಿಂದ ಎಬ್ಬಿಸಲು ಕಷ್ಟವಾದರೆ, ಫಿಟ್ಸ್ ಬಂದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಓಡಿ. ಪಂದ್ಯಕ್ಕೆ ಮೊದಲು ನೀರು ನಿಲ್ಲಿಸುವುದು, ಮೂತ್ರದ ಮಾತ್ರೆ ನುಂಗಿಸುವುದು ಬೇಡವೇ ಬೇಡ.

ಬೇಗ ಮೈ ಬರುತ್ತದೆಂದು ಯಾರಾದರೂ ಹೆಸರಿಲ್ಲದ ಪುಡಿಯನ್ನೋ ಸೂಜಿಯನ್ನೋ ಕೊಟ್ಟರೆ ಮುಟ್ಟಬೇಡಿ. ಸ್ಟೀರಾಯ್ಡ್‌ನಿಂದ ಗಂಡುಹುಡುಗರ ವೃಷಣ ಕುಗ್ಗಬಹುದು, ಎದೆ ಹೆಣ್ಣಿನಂತೆ ಬೆಳೆಯಬಹುದು, ಯಕೃತ್ತು ಮತ್ತು ಹೃದಯ ಕೆಡಬಹುದು. ಬೆಳೆಯುವ ವಯಸ್ಸಿನಲ್ಲಾದರೆ ಮೂಳೆಯ ತುದಿ ಬೇಗ ಮುಚ್ಚಿ ಎತ್ತರವೇ ನಿಂತುಹೋಗಬಹುದು. ಹೆಣ್ಣುಮಕ್ಕಳಲ್ಲಿ ದನಿ ಒಡೆದರೆ ಮತ್ತೆ ಮೊದಲಿನಂತಾಗುವುದು ಕಷ್ಟ.

ಪಂದ್ಯ ನಡೆಸುವವರನ್ನು ಮೂರು ಪ್ರಶ್ನೆ ಕೇಳಿ. ವೈದ್ಯರು ಕೊನೆಯ ಜೋಡಿ ಇಳಿಯುವ ತನಕ ಇರುತ್ತಾರೆಯೇ, ಕುಸ್ತಿ ನಿಲ್ಲಿಸುವ ಅಧಿಕಾರ ಅವರಿಗಿದೆಯೇ? ಆಂಬುಲೆನ್ಸ್ ಎಲ್ಲಿ ನಿಂತಿದೆ? ನನ್ನ ಮಗುವಿಗೆ ಯಾರಾದರೂ ಕಿರುಕುಳ ಕೊಟ್ಟರೆ ಯಾರಿಗೆ ಹೇಳಬೇಕು? ಉತ್ತರ ತಡವರಿಸಿದರೆ ಮನೆಗೆ ಕರೆತನ್ನಿ. ಕುಸ್ತಿ ಇನ್ನೊಂದು ಸಿಗುತ್ತದೆ.

ಆ ಹದಿನೇಳರ ಹುಡುಗನಿಗೆ ಅಂದು ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸಿ ಒಂದು ಗಂಟೆ ಕೂರಿಸಿದೆ. ತಂದೆ ಮುಖ ಗಂಟಿಕ್ಕಿಕೊಂಡೇ ಹೋದರು. ಮೂರು ವಾರದ ನಂತರ ಮತ್ತೆ ಬಂದರು. ಈ ಸಲ ಹಾಳೆಯಲ್ಲಿ ಬರೆದಿದ್ದ ತೂಕ ಹುಡುಗನ ನಿಜವಾದ ತೂಕ. ನಾಡಿ 72. ಎದೆ, ರಕ್ತದೊತ್ತಡ, ಕಿವಿ, ಕಣ್ಣು, ಕತ್ತು ಎಲ್ಲ ನೋಡಲು ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಸಹಿ ಹಾಕಿದೆ. ಅವನು ಗೆದ್ದನೋ ಸೋತನೋ ನಾನು ಕೇಳಲಿಲ್ಲ.

ಸರ್ಟಿಫಿಕೇಟ್ ಬೇಕಾದವರಿಗೆ ನನ್ನದೊಂದೇ ವಿನಂತಿ. ವೈದ್ಯರ ಬಳಿ ಬರುವಾಗ ಹುಡುಗನನ್ನು ಕರೆತನ್ನಿ. ಬರೀ ಹಾಳೆ ತರಬೇಡಿ.